ಹೊರಗಿನಿಂದ ಬಂದ ಕಣ್ಣು

ಹುಟ್ಟಿದ ಊರು ಕಾಣುವುದು ಊರು ಬಿಟ್ಟ ಮೇಲೆ. ಸೇರಿದ ಊರು ಕಾಣುವುದು ಅದು ರೂಢಿಯಾಗುವ ಮೊದಲು.

‘ಸಂಸ್ಕಾರ’ ಕಾದಂಬರಿಯ ಅಗ್ರಹಾರವನ್ನು ಯು.ಆರ್. ಅನಂತಮೂರ್ತಿ ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕೂತು. ಅದನ್ನು ತೆರೆಗೆ ತಂದವರು ನೆಲ್ಲೂರಿನ ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿ. ಒಬ್ಬರು ದೂರ ಹೋಗಿ ಕಂಡರು. ಇನ್ನೊಬ್ಬರು ದೂರದಿಂದ ಬಂದು ಕಂಡರು.

1939ರಲ್ಲಿ ‘ಫಿಡೇಲು ರಾಗಾಲ ಡಜನ್’ ಬರೆದು ತೆಲುಗು ಛಂದಸ್ಸಿನ ಕಟ್ಟು ಮುರಿದವರು ಕನ್ನಡಕ್ಕೆ ಬಂದು ಸ್ಟುಡಿಯೋದ ಕಟ್ಟು ಮುರಿದರು. ತಾರೆಯರನ್ನು ಹುಡುಕಲಿಲ್ಲ. ಶೃಂಗೇರಿ ಬಳಿಯ ವೈಕುಂಠಪುರಕ್ಕೆ ಹೋದರು.

ತನ್ನದಲ್ಲದ ಭಾಷೆಯಲ್ಲಿ ಚಿತ್ರ ಮಾಡುವವನು ಹಿಡಿತ ಸಡಿಲಿಸಲು ಕಲಿತಿರಬೇಕು. ಚಿತ್ರಕಥೆಯನ್ನು ಗಿರೀಶ ಕಾರ್ನಾಡರಿಗೆ, ನಾರಣಪ್ಪನ ಪಾತ್ರವನ್ನು ಲಂಕೇಶರಿಗೆ, ನಾದವನ್ನು ರಾಜೀವ ತಾರಾನಾಥರಿಗೆ ಬಿಟ್ಟುಕೊಟ್ಟದ್ದರಿಂದಲೇ ಚಿತ್ರ ರೆಡ್ಡಿಯವರದಾಯಿತು.

ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಮಾತಿನ ಜಾಡು ಹಿಡಿಯಲಾರದವನಿಗೆ ಮುಖವೇ ದಾರಿ.

ಕಥೆಯಲ್ಲಿ ಸತ್ತ ನಾರಣಪ್ಪನ ಹೆಣ ಎತ್ತುವ ತನಕ ಅಗ್ರಹಾರದಲ್ಲಿ ಒಲೆ ಹಚ್ಚುವಂತಿಲ್ಲ. ಅವನ ಸಂಗಾತಿ ಚಂದ್ರಿ ಸಂಸ್ಕಾರದ ಖರ್ಚಿಗೆಂದು ಮೈಮೇಲಿನ ಒಡವೆ ಬಿಚ್ಚಿ ಮುಂದಿಡುತ್ತಾಳೆ. ಶಾಸ್ತ್ರಕ್ಕಾಗಿ ಕಾದಿದ್ದ ಕಣ್ಣುಗಳು ಬಂಗಾರದ ಮೇಲೆ ನಿಲ್ಲುತ್ತವೆ. ಆ ಕಣ್ಣುಗಳನ್ನು ಓದಲು ಸಂಸ್ಕೃತ ಬೇಕಿಲ್ಲ, ಕನ್ನಡವೂ ಬೇಕಿಲ್ಲ.

ಮದ್ರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ತಡೆಯಿತು. ಅದೇ ಚಿತ್ರ 1970ರ ಸಾಲಿನ ಸ್ವರ್ಣಕಮಲ ಪಡೆಯಿತು. ಕನ್ನಡಕ್ಕೆ ಅದೇ ಮೊದಲನೆಯದು. ಹೆದರಿದ ಸರ್ಕಾರವೇ ಹಾರ ಹಾಕಿತು.

ಅನ್ಯರು ನಮ್ಮ ಹುಳುಕು ತೋರಿಸಿದರೆಂದು ಸಿಡುಕುವವರು ಒಂದನ್ನು ಮರೆಯುತ್ತಾರೆ: ಆ ಹುಳುಕನ್ನು ಮೊದಲು ಬರೆದವನು ಅಗ್ರಹಾರದ ಮಗ.

ಚಂದ್ರಿಯಾದವರು ರೆಡ್ಡಿಯವರ ಮಡದಿ ಸ್ನೇಹಲತಾ. ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಬಂಧನ. ಎಂಟು ತಿಂಗಳು ಬೆಂಗಳೂರಿನ ಜೈಲು, ಎದೆಯಲ್ಲಿ ಆಸ್ತಮಾ. ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಈ ಸಾವನ್ನು ಕನ್ನಡಿಗರು ತಮ್ಮ ಮನೆಯ ಸಾವೆಂದು ಇನ್ನೂ ಗಟ್ಟಿಯಾಗಿ ಹೇಳಬೇಕು.

ವಲಸೆ ಬಂದವರು ಊರಿನವರಾಗುವುದು ಮನೆ ಕಟ್ಟಿದ ದಿನವಲ್ಲ. ಊರಿನ ಸಂಕಟಕ್ಕೆ ತಮ್ಮವರನ್ನು ತೆತ್ತ ದಿನ.

ರೆಡ್ಡಿಯವರು ಮತ್ತೆ ‘ಚಂಡಮಾರುತ’ ಮಾಡಿದರು, ‘ಶೃಂಗಾರ ಮಾಸ’ ಮಾಡಿದರು, ಎಪ್ಪತ್ತು ದಾಟಿದ ಮೇಲೆ ‘ದೇವರ ಕಾಡು’ ಮಾಡಿದರು. ಎಲ್ಲವೂ ಕನ್ನಡದಲ್ಲೇ. 2006ರಲ್ಲಿ ಬೆಂಗಳೂರಿನಲ್ಲೇ ಕಣ್ಣು ಮುಚ್ಚಿದರು.

 

ಅಂಥ ಹೊರಗಿನ ಕಣ್ಣು ಇಂದೂ ಬೇಕು. ಬೆಂಗಳೂರಿನ ಅಂಚಿನ ದೇವನಹಳ್ಳಿಯಲ್ಲಿ ಚಕ್ಕೋತದ ತೋಟಗಳು ಲೇಔಟುಗಳಾಗುತ್ತಿವೆ. ಮಾರಿದವರದು ಎಕರೆಯ ಲೆಕ್ಕ, ಕೊಂಡವರದು ಚದರಡಿಯ ಲೆಕ್ಕ. ಹಣ್ಣಿನ ಲೆಕ್ಕ ಕೇಳಲು ಹೊರಗಿನವನೊಬ್ಬ ಬರಬೇಕೇನೋ.

ವಿಮಾನದಿಂದ ಇಳಿದವನು ನೋಡುವುದು ದೇವನಹಳ್ಳಿಯ ಕೋಟೆಯನ್ನು. ಬಾಡಿಗೆ ಕೋಣೆಯಲ್ಲಿ ಒಂದು ಬೇಸಿಗೆ ಕಳೆದವನು ನೋಡುವುದು ನೀರಿನ ಟ್ಯಾಂಕರಿಗೆ ಕಾದ ಕೊಡಗಳನ್ನು. ಚಿತ್ರ ಹುಟ್ಟುವುದು ಎರಡನೆಯವನಿಂದ.

ಹೊಸಕೋಟೆ, ನೆಲಮಂಗಲದ ಗೋದಾಮುಗಳಲ್ಲಿ ಲೋಡು ಇಳಿಸುವ ಬಿಹಾರ, ಅಸ್ಸಾಮಿನ ಹುಡುಗರ ಜೇಬಿನಲ್ಲೂ ಇಂದು ಕ್ಯಾಮೆರಾ ಇದೆ. ನಮ್ಮ ಊರು ಅವರಿಗೆ ಹೇಗೆ ಕಾಣುತ್ತಿದೆ? ಕೇಳುವ ಧೈರ್ಯ ನಮಗೆ ಬರಬೇಕು. ಕೇಳಿ, ಕನ್ನಡದ ಕಥೆಯೊಂದನ್ನು ನಂಬಿ ಅವರ ಕೈಗೆ ಕೊಡುವ ಅನಂತಮೂರ್ತಿ, ಕಾರ್ನಾಡರಂಥವರೂ ಮತ್ತೆ ಹುಟ್ಟಬೇಕು.