ಒಲೆಗಾಗಿ ಸೌದೆಯೋ, ಸೌದೆಗಾಗಿ ಒಲೆಯೋ?

ಒಂದು ಪ್ರಾಂತದಲ್ಲಿ ಕಸ ಸುಡುವ ಸಾಮರ್ಥ್ಯ ಅಗತ್ಯಕ್ಕಿಂತ ಹೆಚ್ಚಾಗುವುದು ಸಾಧ್ಯವೇ? ಕಸ ಹೆಚ್ಚಾಯಿತೆಂದು ಗೋಳಾಡುವ ಊರುಗಳನ್ನು ನಾವೆಲ್ಲ ಕಂಡಿದ್ದೇವೆ. ಕಸ ಸಾಲದೆಂದು ಕೊರಗುವ ಊರುಗಳೂ ಭೂಮಿಯ ಮೇಲಿವೆ ಎಂದರೆ ಅಹಮದಾಬಾದಿನಲ್ಲಿ ನೆಲೆಸಿದ ನಮ್ಮಂಥವರಿಗೆ ನಗು ಬರಬಹುದು. ಆದರೂ ಇವೆ. ಸ್ವೀಡನ್ ದೇಶ ನಾರ್ವೆ, ಬ್ರಿಟನ್ ಮುಂತಾದ ಕಡೆಗಳಿಂದ ವರ್ಷಕ್ಕೆ ಲಕ್ಷಗಟ್ಟಲೆ ಟನ್ ಕಸ ತರಿಸಿಕೊಂಡು ತನ್ನ ಕುಲುಮೆಗಳಿಗೆ ಹಾಕಿದೆ; ಆ ಶಾಖದಿಂದ ಚಳಿಗಾಲದಲ್ಲಿ ಅಲ್ಲಿಯ ಮನೆಗಳು ಬೆಚ್ಚಗಿರುತ್ತವೆ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ 2017ರಲ್ಲಿ ಅಮಗೇರ್ ಬಕ್ಕೆ ಎಂಬ ಭಾರಿ ದಹನಾಗಾರ ಆರಂಭವಾಯಿತು. ಅದರ ಮಾಡಿನ ಮೇಲೆ ಜನ ಜಾರಾಟವಾಡುತ್ತಾರೆ! ಅದಕ್ಕೂ ಊರಿನ ಕಸ ಸಾಲದೆ ಹೊರದೇಶದ ಕಸ ಬಂತು. ಕೊನೆಗೆ 2020ರಲ್ಲಿ ಆ ದೇಶದ ಸರ್ಕಾರವೂ ಸಂಸತ್ತಿನ ಬಹುತೇಕ ಪಕ್ಷಗಳೂ ಕೂಡಿ, ಸುಡುವ ಸಾಮರ್ಥ್ಯವನ್ನು ಹತ್ತು ವರ್ಷಗಳಲ್ಲಿ ಶೇಕಡಾ 30ರಷ್ಟು ಇಳಿಸಬೇಕೆಂದು ಒಪ್ಪಿಕೊಂಡವು.

ಇದು ಇಂಜಿನಿಯರುಗಳ ವಿಷಯ, ಗುಮಾಸ್ತರಿಗೂ ಗೃಹಿಣಿಯರಿಗೂ ಇದರಲ್ಲೇನು ಕೆಲಸ ಎಂದು ಓದುಗ ಬಂಧುಗಳು ಕೇಳಬಹುದು. ಸ್ವಲ್ಪ ವಿಚಾರ ಮಾಡಿ ನೋಡಿದರೆ ಇದು ನೀತಿಯ ಪ್ರಶ್ನೆ ಎಂದು ತೋರುತ್ತದೆ. ಏಕೆಂದರೆ 'ಉಳಿಕೆ ಕಸ' ಎಂಬುದು ಮಳೆಯಂತೆ ಆಕಾಶದಿಂದ ಬೀಳುವ ವಸ್ತುವಲ್ಲ. ಮತ್ತೆ ಬಳಸುವುದನ್ನು ಬಳಸಿ, ಮಾರುವುದನ್ನು ಮಾರಿ, ಗೊಬ್ಬರವಾಗುವುದನ್ನು ಮಣ್ಣಿಗೆ ಕೊಟ್ಟು, ಏನು ಮಾಡಿದರೂ ಪ್ರಯೋಜನವಿಲ್ಲದೆ ಮಿಕ್ಕದ್ದು ಉಳಿಕೆ. ಎಂದಮೇಲೆ ಎಷ್ಟು ಉಳಿಯುತ್ತದೆ ಎಂಬುದು ನಾವು ಎಷ್ಟು ಶ್ರಮ ಪಡುತ್ತೇವೆ ಎಂಬುದನ್ನು ಅವಲಂಬಿಸಿದೆ. ನಮ್ಮ ಅಜ್ಜಿಯರ ಮನೆಯಲ್ಲಿ ಉಳಿಕೆ ಇದ್ದದ್ದು ಅಷ್ಟರಲ್ಲೇ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಕಲಗಚ್ಚಾಗಿ ಹಸುವಿನ ಬಾನಿಗೆ. ಸೆಗಣಿ, ಬೂದಿ, ಕಸಕಡ್ಡಿ ತಿಪ್ಪೆಗೆ. ಹಳೆಯ ಸೀರೆ ಕೌದಿಗೆ. ದೀಪಾವಳಿಯಲ್ಲಿ ತಿಪ್ಪೆಯ ಮೇಲೂ ಒಂದು ಹಣತೆ ಇಡುವ ಪದ್ಧತಿ ಎಷ್ಟೋ ಹಳ್ಳಿಗಳಲ್ಲಿತ್ತು. ಹಾಗೆಂದು ಆ ಕಾಲವೇ ಸ್ವರ್ಗವಾಗಿತ್ತೆಂದು ನಾವು ಹೇಳುವುದಿಲ್ಲ. ಆಗ ಪ್ಲಾಸ್ಟಿಕ್ ಇರಲಿಲ್ಲ, ಅಷ್ಟೆ.

ಈಗ ನಮ್ಮ ಊರಿಗೆ ಬರೋಣ. ಅಹಮದಾಬಾದಿನಲ್ಲಿ ದಿನಕ್ಕೆ ನಾಲ್ಕು ಸಾವಿರ ಟನ್ನಿನಷ್ಟು ಕಸ ಏಳುತ್ತದೆ. 1980ರ ದಶಕದ ಆರಂಭದಿಂದ ಅದು ಪಿರಾಣಾದ ಸುಮಾರು 84 ಎಕರೆ ಜಾಗದಲ್ಲಿ ಬಿದ್ದು ಬಿದ್ದು ಗುಡ್ಡವಾಯಿತು. 2019ರಲ್ಲಿ ಯಂತ್ರಗಳಿಂದ ಜರಡಿ ಹಿಡಿದು ಆ ಗುಡ್ಡ ಕರಗಿಸುವ ಕೆಲಸ ಹಿಡಿದರು. 2024ರ ನವೆಂಬರ್ 1ರಂದು, ನಾವು ರಾಜ್ಯೋತ್ಸವದ ಸಡಗರದಲ್ಲಿದ್ದ ದಿನವೇ, ದಿನಕ್ಕೆ 1,000 ಟನ್ ಕಸ ಸುಟ್ಟು 15 ಮೆಗಾವ್ಯಾಟ್ ವಿದ್ಯುತ್ ತೆಗೆಯುವ ಘಟಕ ಉದ್ಘಾಟನೆಯಾಯಿತು. ನಾಲ್ಕರಲ್ಲಿ ಒಂದು ಪಾಲು ಮಾತ್ರ. ಹಾಗಾದರೆ ಇನ್ನೂ ಮೂರು ಇಂಥವು ಬೇಕು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ನಮ್ಮ ತಕರಾರು ಇರುವುದು ಈ ಭಾಗಾಕಾರದ ಮೇಲೆಯೇ.

ಕಾಲೇಜಿನಲ್ಲಿ ಕಲಿತ ಅಲ್ಪಸ್ವಲ್ಪ ಭೌತಶಾಸ್ತ್ರ ಇಲ್ಲಿ ಉಪಯೋಗಕ್ಕೆ ಬರುತ್ತದೆ. 15 ಮೆಗಾವ್ಯಾಟ್ ಯಂತ್ರ 24 ಗಂಟೆ ಪೂರ್ತಿ ನಡೆದರೆ 3,60,000 ಯೂನಿಟ್. ಟನ್ನಿಗೆ 360, ಕಿಲೋಗೆ ಮೂರನೇ ಒಂದು ಯೂನಿಟ್ಟಿಗಿಂತ ತುಸು ಹೆಚ್ಚು. ನಾಲ್ಕು ಜನರ ಒಂದು ಮನೆಯಿಂದ ದಿನಕ್ಕೆ ಎರಡು ಕಿಲೋ ಕಸ ಎಂದಿಟ್ಟುಕೊಂಡರೆ, ಅದರಿಂದ ಒಂದು ಫ್ಯಾನು ಹತ್ತು ಗಂಟೆಯ ಹತ್ತಿರ ತಿರುಗೀತು. ಬೇಡವೆನ್ನುವ ಲಾಭವೇನಲ್ಲ. ಆದರೆ ನಮ್ಮ ಮನೆಗಳ ಕಸದಲ್ಲಿ ಅರ್ಧದಷ್ಟು ಹಸಿ ಪದಾರ್ಥ. ಒಂದು ಕಿಲೋ ನೀರನ್ನು ಮೂವತ್ತು ಡಿಗ್ರಿಯಿಂದ ಕುದಿಸಿ ಆವಿ ಮಾಡಲು 610 ಕಿಲೋಕ್ಯಾಲರಿ ಬೇಕು. ಅಷ್ಟೂ ಶಾಖ ಚಿಮಣಿಯಲ್ಲಿ ಹಾರಿಹೋಗುವುದೇ ಹೊರತು ವಿದ್ಯುತ್ತಾಗುವುದಿಲ್ಲ. ಸುಟ್ಟ ಮೇಲೂ ತೂಕದ ಕಾಲು ಭಾಗದಷ್ಟು ಬೂದಿ, ಕಿಟ್ಟ ಉಳಿಯುತ್ತದೆ. ಅದಕ್ಕೂ ಜಾಗ ಬೇಕು.

ಇದನ್ನು ಲೆಕ್ಕಿಸದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ದಿಲ್ಲಿಯ ತಿಮಾರ್‌ಪುರ ಸಾಕ್ಷಿ. 1987ರಲ್ಲಿ ಡೆನ್ಮಾರ್ಕಿನದೇ ಒಂದು ಕಂಪನಿ ಅಲ್ಲಿ ದಿನಕ್ಕೆ 300 ಟನ್ ಸುಡುವ ಘಟಕ ನಿಲ್ಲಿಸಿತು. ಮೂರು ವಾರ ಓಡಿ ನಿಂತುಹೋಯಿತು. ಕಸ ಸಾಲದೆ ಅಲ್ಲ. ಉರಿಯುವ ಕಸ ಸಾಲದೆ. ದಿಲ್ಲಿಯ ಕಾಗದ, ಗಾಜು, ಪ್ಲಾಸ್ಟಿಕ್ಕನ್ನು ಬಡವರು ಮೊದಲೇ ಆಯ್ದುಕೊಂಡಿದ್ದರು. ಕುಲುಮೆಗೆ ಸಿಕ್ಕಿದ್ದು ಒದ್ದೆ ಸಿಪ್ಪೆ ಮತ್ತು ಧೂಳು. ನಿಜವಾದ ಉಳಿಕೆ ಸುಡುವುದಕ್ಕೆ ಒಳ್ಳೆಯದಲ್ಲ ಎಂಬ ವಿಚಿತ್ರ ಸತ್ಯ ಅಲ್ಲಿ ಹೊರಬಿತ್ತು. ಕುಲುಮೆಗೆ ರುಚಿಸುವುದು ಒಣ ಕಾಗದ, ರಟ್ಟು, ಬಟ್ಟೆ, ಪ್ಲಾಸ್ಟಿಕ್. ಅಂದರೆ ಬೀದಿಯಲ್ಲಿ 'ಪಸ್ತಿ, ಪಸ್ತಿ' ಎಂದು ಕೂಗುತ್ತ ಬರುವವನು ದುಡ್ಡು ಕೊಟ್ಟು ಒಯ್ಯುವ ಸಾಮಾನೇ.

ಹೀಗೆ ಒಂದೇ ತಟ್ಟೆಗೆ ಇಬ್ಬರು ಕೈ ಹಾಕುತ್ತಾರೆ: ಕೋಟಿಗಟ್ಟಲೆ ಸುರಿದು ಕಟ್ಟಿದ ಯಂತ್ರ ಒಂದು ಕಡೆ, ಗೋಣಿಚೀಲ ಹೊತ್ತ ಹೆಂಗಸು ಇನ್ನೊಂದು ಕಡೆ. ಇಳಾ ಭಟ್ ಅವರು 1972ರಲ್ಲಿ ಇದೇ ಊರಿನಲ್ಲಿ ಕಟ್ಟಿದ 'ಸೇವಾ' ಸಂಘ ಕಾಗದ ಆಯುವ ಹೆಂಗಸರನ್ನು ಒಂದುಗೂಡಿಸಿತು. ಅವರ ಕೆಲಸವೂ ಕೆಲಸವೇ ಎಂದು ಸರ್ಕಾರದ ಕಿವಿಗೆ ಬೀಳುವಂತೆ ಮಾಡಲು ಅವರು ಪಟ್ಟ ಪಾಡು ಸಣ್ಣದಲ್ಲ. ಯಂತ್ರಕ್ಕೆ ಸರ್ಕಾರದೊಡನೆ ಕರಾರುಪತ್ರ ಇರುತ್ತದೆ. ಆ ಹೆಂಗಸಿನ ಕೈಯಲ್ಲಿ ಯಾವ ಪತ್ರವಿದೆ?

ಸರ್ಕಾರಿ ಕಚೇರಿಯ ಕಡತಗಳ ನಡುವೆ ಕೂದಲು ಹಣ್ಣಾಗುತ್ತಿರುವ ನಮಗೆ ಸಾಮರ್ಥ್ಯದ ಸ್ವಭಾವ ಚೆನ್ನಾಗಿ ಗೊತ್ತು. ಒಂದು ಬಾಬಿಗೆ ಹಣ ಮಂಜೂರಾಯಿತೋ, ಮಾರ್ಚ್ 31ರೊಳಗೆ ಅದು ಖರ್ಚಾಗಲೇಬೇಕು. ಉಳಿಸಿದವನಿಗೆ ಶಹಬಾಸ್‌ಗಿರಿ ಇಲ್ಲ. ಮುಂದಿನ ವರ್ಷ ಅವನ ಅನುದಾನ ಕತ್ತರಿಸುತ್ತಾರೆ. ಹುದ್ದೆ ಸೃಷ್ಟಿಯಾದರೆ ಅದರ ಹಿಂದೆಯೇ ಕೆಲಸವೂ ಸೃಷ್ಟಿಯಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರು; ಇಲ್ಲಿ ಹಾಸಿಗೆಯನ್ನು ಮೊದಲು ಉದ್ದ ಮಾಡಿ, ಆಮೇಲೆ ಕಾಲನ್ನು ಎಳೆದು ಸರಿಹೊಂದಿಸುತ್ತಾರೆ. ದಹನಾಗಾರದ ಆಯುಷ್ಯ ಇಪ್ಪತ್ತು ಇಪ್ಪತ್ತೈದು ವರ್ಷ. ಅಷ್ಟು ಕಾಲ ಅದಕ್ಕೆ ದಿನವೂ ಮೇವು ಹಾಕಬೇಕು. ಇಂದು ನಾವು ಕಸ ಬೇರ್ಪಡಿಸುವ ಉದಾಸೀನದಿಂದ ದೊಡ್ಡ ಒಲೆ ಕಟ್ಟಿದರೆ, ನಮ್ಮ ಮಕ್ಕಳು ಜಾಣರಾಗಿ ಕಸ ಕಡಿಮೆ ಮಾಡುವ ಕಾಲಕ್ಕೆ ಆ ಒಲೆ ಅವರಿಗೆ ಎದುರಾಳಿಯಾಗಿ ನಿಲ್ಲುತ್ತದೆ. ಡೆನ್ಮಾರ್ಕಿನವರಿಗೆ ಆದದ್ದು ಇದೇ.

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯಾಯವಾದೀತು. ಪಿರಾಣಾ ಗುಡ್ಡದ ಬುಡದಲ್ಲಿ ಸಿಟಿಜನ್ ನಗರ ಎಂಬ ಬಡಾವಣೆಯಿದೆ. 2002ರ ಗಲಭೆಯಲ್ಲಿ ಮನೆ ಕಳೆದುಕೊಂಡ ಕುಟುಂಬಗಳಿಗಾಗಿ ಕಟ್ಟಿದ್ದು. ಅಲ್ಲಿ ಹುಟ್ಟಿದ ಮಕ್ಕಳು ಕಸದ ಹೊಗೆಯನ್ನೇ ಉಸಿರಾಡಿ ಬೆಳೆದರು. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಮಂಡೂರಿನ ಕತೆಯನ್ನು ನಮ್ಮ ಓದುಗರು ಮರೆತಿರಲಾರರು. ಹಳ್ಳಿಯವರು ರಸ್ತೆಗಿಳಿದು ಲಾರಿ ತಡೆದ ಮೇಲೆ, 2014ರ ಕೊನೆಗೆ ಅಲ್ಲಿಗೆ ಕಸ ಹೋಗುವುದು ನಿಂತಿತು. ಸಿಟಿಜನ್ ನಗರದ ತಾಯಿಯೊಬ್ಬಳ ಮುಂದೆ ನಿಂತು 'ಸಾಮರ್ಥ್ಯ ಹೆಚ್ಚಾಗಬಾರದಮ್ಮ' ಎಂದು ಉಪದೇಶ ಮಾಡುವ ಧೈರ್ಯ ಸ್ಯಾಟಲೈಟಿನ ನಾಲ್ಕನೇ ಮಹಡಿಯಲ್ಲಿ ಕುಳಿತ ನಮಗಿಲ್ಲ. ಆಕೆಗೆ ಗುಡ್ಡ ಕರಗಬೇಕು, ಇಂದೇ ಕರಗಬೇಕು. ಸುಟ್ಟು ಕರಗಿದರೂ ಸರಿಯೇ ಎಂದು ಆಕೆ ಹೇಳಿದರೆ ತಪ್ಪೆನ್ನುವ ಅಧಿಕಾರ, ಕಸ ಬೆರೆಸಿ ಕಳಿಸಿದ ನಮಗೆ ಎಲ್ಲಿಂದ ಬಂತು?

ಆದ್ದರಿಂದ ಕುಲುಮೆಯೇ ಬೇಡ ಎಂಬ ವಾದವನ್ನು ನಾವು ಒಪ್ಪುವುದಿಲ್ಲ. ಮಗುವಿನ ಡೈಪರು, ಹರಿದ ಚಪ್ಪಲಿ, ಎಣ್ಣೆ ಹಿಡಿದ ಚಿಂದಿ ಇವನ್ನು ಪಸ್ತಿಯವನೂ ಮುಟ್ಟುವುದಿಲ್ಲ, ಮಣ್ಣೂ ಅರಗಿಸಿಕೊಳ್ಳುವುದಿಲ್ಲ. ನಮ್ಮ ಮಾತು ಇಷ್ಟೇ: ಸಾವಿರ ಟನ್ನನ್ನು ಭಾಗಿಸಬೇಕಾದದ್ದು ನಾಲ್ಕು ಸಾವಿರದಿಂದಲ್ಲ. ಹಸಿಯದು ಅರ್ಧ ಹೋಗಲಿ, ಮಾರಬಹುದಾದದ್ದು ಹೋಗಲಿ, ಕಟ್ಟಡದ ಪುಡಿ, ಮಣ್ಣು ಹೋಗಲಿ. ಮಿಕ್ಕದ್ದು ಸಾವಿರ ಟನ್ನಿನ ಆಸುಪಾಸಿಗೆ ಬಂದರೆ ಆಶ್ಚರ್ಯವಿಲ್ಲ. ಹಾಗಾದರೆ ಒಂದು ಅಳತೆಯಲ್ಲಿ ಕಾಲು ಪಾಲಿದ್ದ ಸಾಮರ್ಥ್ಯ ಇನ್ನೊಂದು ಅಳತೆಯಲ್ಲಿ ಈಗಲೇ ಸಾಕಷ್ಟಾಯಿತು! ಎರಡನೆಯ ಒಲೆಯ ಮಾತು ಬಂದಾಗ ಯಾವ ಅಳತೆಗೋಲು ಹಿಡಿದಿದ್ದೀರಿ ಎಂದು ಕೇಳುವುದು ನಾಗರಿಕರ ಹಕ್ಕು. ಅದನ್ನು ಕೇಳುವ ಮೊದಲು ನಮ್ಮ ಬುಟ್ಟಿಗಳು ಬೇರೆ ಬೇರೆ ಇರಬೇಕು, ಇಲ್ಲವಾದರೆ ಅಧಿಕಾರಿಗಳು ಮುಗುಳ್ನಗುತ್ತಾರೆ.

ಸ್ಯಾಟಲೈಟಿಗೆ ಆ ಹೆಸರು ಬಂದದ್ದು ಇಲ್ಲಿರುವ ಬಾಹ್ಯಾಕಾಶ ಕೇಂದ್ರದಿಂದ. 1975-76ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಹಳ್ಳಿಗಳಿಗೆ, ಅದರಲ್ಲಿ ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರದ ಕಡೆಯ ಹಳ್ಳಿಗಳಿಗೂ, ದೂರದರ್ಶನ ತಲಪಿಸಿದವರ ನೆರೆಹೊರೆ ಇದು. ಆಕಾಶದ ಲೆಕ್ಕ ಬಲ್ಲ ಈ ಬಡಾವಣೆಯಲ್ಲಿ ಬೆಳಿಗ್ಗೆ ಕಸದ ಗಾಡಿ ಬಂದಾಗ ಹಸಿ ಯಾವುದು, ಒಣ ಯಾವುದು ಎಂಬ ಲೆಕ್ಕ ಮಾತ್ರ ನಮ್ಮ ಎಷ್ಟೋ ಸೊಸೈಟಿಗಳಲ್ಲಿ ತಪ್ಪುತ್ತದೆ. ಪರವಾನಗಿ, ಯಂತ್ರ, ಕರಾರು ಯಾವುದೂ ಬೇಡದ ಸಾಮರ್ಥ್ಯ ಇದು. ಇದು ಹೆಚ್ಚಾಯಿತೆಂದು ಯಾವ ದೇಶವೂ ಈವರೆಗೆ ದೂರಿಲ್ಲ.

ಇನ್ನು ಬೆಳ್ಳಿಯ ಬಣ್ಣದ ಆ ಪದರು ಪದರಾದ ತಿಂಡಿ ಪೊಟ್ಟಣಗಳು. ಅವನ್ನು ಪಸ್ತಿಯವನು ಒಯ್ಯುವುದಿಲ್ಲ, ಗೊಬ್ಬರವಾಗುವುದಿಲ್ಲ, ಕೊನೆಗೆ ಕುಲುಮೆಯೇ ಗತಿ. ಅಂಥ ಉಳಿಕೆಯನ್ನು ಹುಟ್ಟಿಸಿದ ಕಾರ್ಖಾನೆಯ ಪಾಲೆಷ್ಟು, ಕೊಂಡು ತಿಂದ ನಮ್ಮ ಪಾಲೆಷ್ಟು ಎಂಬ ಇನ್ನೊಂದು ವ್ಯಾಜ್ಯವಿದೆ. ಸಂಪಾದಕರು ಸ್ಥಳ ಕೊಟ್ಟರೆ ಅದನ್ನು ಮುಂದೊಮ್ಮೆ ನೋಡೋಣ.