ಸಾಕಷ್ಟು ಬಲ ಮತ್ತು ಬೇಟೆಗಾರನ ಹೊಣೆ

ಆನೆ, ಸಿಂಹ, ಆಫ್ರಿಕಾದ ಕಾಡೆಮ್ಮೆಗಳಂತಹ, ಗಾಯಗೊಂಡರೆ ಬೇಟೆಗಾರನ ಮೇಲೆಯೇ ತಿರುಗಿ ಬೀಳಬಲ್ಲ ಪ್ರಾಣಿಗಳಿಗೆ ಎಷ್ಟು ಕ್ಯಾಲಿಬರಿನ ರೈಫಲ್ ಸಾಕು ಎಂಬುದು ಮೇಲ್ನೋಟಕ್ಕೆ ಶಸ್ತ್ರಜ್ಞಾನಕ್ಕೆ ಸೇರಿದ ಪ್ರಶ್ನೆ. ಕ್ಯಾಲಿಬರ್ ಎಂದರೆ ನಳಿಗೆಯ ಒಳವ್ಯಾಸ. ಅದು ಹಿಗ್ಗಿದಂತೆ ಸಾಮಾನ್ಯವಾಗಿ ಗುಂಡಿನ ತೂಕವೂ ಹೊಡೆತದ ಬಲವೂ ಹೆಚ್ಚುತ್ತವೆ. ಆದರೆ ಕೊಲ್ಲಲು ಹೊರಟವನು ಕೊಲ್ಲಲು ಸಾಲದ ಆಯುಧ ಹಿಡಿದಾಗ ಉಂಟಾಗುವ ನೋವಿಗೆ ಹೊಣೆ ಯಾರು ಎಂದು ಕೇಳಿದೊಡನೆ ಅದು ಧರ್ಮವಿಚಾರವಾಗುತ್ತದೆ.

ಇಂಗ್ಲೆಂಡಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆ 1912ರಲ್ಲಿ ಹೊರತಂದ .375 ಮ್ಯಾಗ್ನಮ್ ತೋಟಾವನ್ನು, ಅಂದರೆ ಸುಮಾರು 9.5 ಮಿಲಿಮೀಟರ್ ವ್ಯಾಸದ ಗುಂಡನ್ನು, ಇಂತಹ ಬೇಟೆಗೆ ಕನಿಷ್ಠ ಮಿತಿಯೆಂದು ಆಫ್ರಿಕಾದಲ್ಲಿ ವ್ಯಾಪಕವಾಗಿ ಒಪ್ಪಲಾಗಿದೆ. ಈ ಮಿತಿಗೆ ದೊಡ್ಡ ಆಕ್ಷೇಪವಾಗಿ ನಿಲ್ಲುವವನು ಸ್ಕಾಟ್ಲೆಂಡ್ ಮೂಲದ ಡಬ್ಲ್ಯು. ಡಿ. ಎಂ. ಬೆಲ್. 20ನೆಯ ಶತಮಾನದ ಆರಂಭದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ ಈತ, ಅವುಗಳಲ್ಲಿ ಬಹುಪಾಲನ್ನು ಕೆಡವಿದ್ದು .375ರ ಸುಮಾರು ಅರ್ಧದಷ್ಟು ಬಲವುಳ್ಳ 7 ಮಿಲಿಮೀಟರ್ ರೈಫಲ್ಲಿನಿಂದ. ಆನೆಯ ತಲೆಬುರುಡೆಯನ್ನು ಸೀಳಿಸಿ ಮಿದುಳಿನ ನೆಲೆಯನ್ನು ಅಭ್ಯಾಸ ಮಾಡಿದ್ದ ಬೆಲ್‌ಗೆ, ಗುಂಡು ಎಷ್ಟು ದೊಡ್ಡದು ಎಂಬುದಕ್ಕಿಂತ ಎಲ್ಲಿ ನಾಟುತ್ತದೆ ಎಂಬುದು ಮುಖ್ಯವಾಗಿತ್ತು.

ಬೆಲ್‌ನ ವಾದ ಅಂಗರಚನೆಯ ದೃಷ್ಟಿಯಿಂದ ಸರಿಯಾದರೂ ಅದರಿಂದ ಎಲ್ಲರಿಗೂ ಅನ್ವಯಿಸುವ ನಿಯಮ ಹುಟ್ಟುವುದಿಲ್ಲ. ಏಕೆಂದರೆ ಕೈ ನಡುಗದ, ಪ್ರಾಣಿ ಅಲುಗದ, ಪೊದೆ ಅಡ್ಡ ಬಾರದ ಗಳಿಗೆಯನ್ನು ಅದು ಮೊದಲೇ ಊಹಿಸಿಕೊಂಡಿರುತ್ತದೆ. ಕನಿಷ್ಠ ಮಿತಿಯು ಹೊರಡುವುದು ಮನುಷ್ಯ ತಪ್ಪುತ್ತಾನೆ ಎಂಬ ಅರಿವಿನಿಂದ.

ಈ ಅರಿವಿಗೆ ತಾತ್ವಿಕ ನೆಲೆ ಜೈನ ದರ್ಶನದಲ್ಲಿ ಸಿಗುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಹಿಂಸೆಯನ್ನು ಪ್ರಾಣಹರಣದ ಘಟನೆಯಿಂದಷ್ಟೇ ಅಳೆಯದೆ, ಅದರ ಹಿಂದಿರುವ ಪ್ರಮಾದದೊಡನೆ, ಅಂದರೆ ರಾಗದ್ವೇಷಗಳಿಂದ ಕವಿದ ಎಚ್ಚರಗೇಡಿತನದೊಡನೆ, ಸೇರಿಸಿ ನಿರೂಪಿಸುತ್ತದೆ. ಬೇಕೆಂದೇ ಮಾಡುವ ಬೇಟೆಯನ್ನು ಸಂಕಲ್ಪಹಿಂಸೆಯೆಂದು ಗುರುತಿಸುವ ಜೈನಧರ್ಮವು ಯಾವ ಕ್ಯಾಲಿಬರಿನ ಬೇಟೆಯನ್ನೂ ಒಪ್ಪುವುದಿಲ್ಲ, ನಿಜ. ಆದರೂ ಅದೇ ವಿವೇಚನೆಯನ್ನು ಮುಂದುವರಿಸಿದರೆ, ಸಾಲದ ಕೋವಿಯನ್ನು ಹಿಡಿದು ಹೊರಟವನು ಕೊಲ್ಲುವ ಸಂಕಲ್ಪದ ಮೇಲೆ ನರಳಿಸುವ ಪ್ರಮಾದವನ್ನೂ ಹೇರಿಕೊಳ್ಳುತ್ತಾನೆ ಎಂದು ಹೇಳಬೇಕಾಗುತ್ತದೆ.

ಆ ಪ್ರಮಾದದ ಫಲ ಬೇಟೆಗಾರನಲ್ಲಿಗೇ ನಿಲ್ಲುವುದಿಲ್ಲ. ಜಿಮ್ ಕಾರ್ಬೆಟ್ 1907ರಲ್ಲಿ ಕುಮಾವೂನಿನಲ್ಲಿ ಕೊಂದ ಚಂಪಾವತದ ಹೆಣ್ಣುಹುಲಿಯ ಬಲಬದಿಯ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳು ಹಿಂದೆಂದೋ ತಗುಲಿದ ಗುಂಡೇಟಿನಿಂದ ಮುರಿದಿದ್ದವು. ಸಹಜ ಬೇಟೆಗೆ ಅಸಮರ್ಥವಾದ ಆ ಹುಲಿಗೆ ಬಲಿಯಾದವರು 436 ಮಂದಿ ಎಂದು ಕಾರ್ಬೆಟ್ ದಾಖಲಿಸಿದ್ದಾನೆ. ಆ ಗುಂಡು ಯಾವ ಕೋವಿಯದೆಂದು ಗೊತ್ತಿರಬೇಕಿಲ್ಲ. ಅರೆಗೆಲಸದ ಹೊಡೆತಕ್ಕೆ ಬೆಲೆ ತೆತ್ತವರು ಸೌದೆಗೆ, ಸೊಪ್ಪಿಗೆ ಹೋದ ಹಳ್ಳಿಗರು ಎಂಬುದಷ್ಟೇ ಸಾಕು.

ಹಾಗೆಂದು ಕ್ಯಾಲಿಬರನ್ನು ಏರಿಸುತ್ತ ಹೋಗುವುದೂ ಪರಿಹಾರವಲ್ಲ. ತಾಳಿಕೊಳ್ಳಲಾರದಷ್ಟು ಒದೆಯುವ ಕೋವಿಯನ್ನು ಹಿಡಿದವನು ಟ್ರಿಗರ್ ಎಳೆಯುವ ಮುನ್ನವೇ ಹೆಗಲು ಬಿಗಿದು ಕಣ್ಣು ಮುಚ್ಚುತ್ತಾನೆ, ಗುರಿ ತಪ್ಪುತ್ತದೆ, ಪ್ರಮಾದ ಇನ್ನೊಂದು ಬಾಗಿಲಿನಿಂದ ಒಳಬರುತ್ತದೆ. ಆದ್ದರಿಂದ ಸಾಕಷ್ಟು ಎಂಬುದು ಗುಂಡಿನಲ್ಲಿ ಮಾತ್ರ ಇರುವ ಗುಣವಲ್ಲ. ಪ್ರಾಣಿಯ ದೇಹ, ಆಯುಧದ ಬಲ ಮತ್ತು ಹಿಡಿದವನ ಹದ ಈ ಮೂರೂ ಕೂಡಿದಾಗ ಮಾತ್ರ ಅದು ಸಿದ್ಧಿಸುತ್ತದೆ. ಇವುಗಳಲ್ಲಿ ಒಂದು ಕೊರತೆಯಾದರೂ ಗುಂಡು ಹಾರಿಸದೆ ಹಿಂದಿರುಗುವುದೇ ಧರ್ಮ. ತನ್ನ ಗುರಿಯ ಮೇಲಿನ ಹೆಮ್ಮೆಗೆ ಇನ್ನೊಂದು ಜೀವದ ನರಳಾಟವನ್ನು ಪಣವಾಗಿಡುವ ಅಧಿಕಾರ ಯಾವ ಬೇಟೆಗಾರನಿಗೂ ಇಲ್ಲ.