ಕಣ್ಣಿಗೆ ಕಾಣದ ಕಾಯಕ

ಮಹಾನವಮಿಯ ದಿನ ಮಹಾನಗರದ ಬೀದಿಬೀದಿಗಳಲ್ಲಿ ವಾಹನಗಳು ಮಿಂದು ಮಡಿಯುಟ್ಟಂತೆ ನಿಲ್ಲುತ್ತವೆ. ಬಾನೆಟ್ಟಿಗೆ ಚೆಂಡುಹೂವಿನ ಹಾರ, ಗಾಜಿಗೆ ಕುಂಕುಮ, ಚಕ್ರದಡಿಗೆ ನಿಂಬೆಹಣ್ಣು. ಪೂಜೆಯೆಲ್ಲ ಕಣ್ಣಿಗೆ ಕಾಣುವ ಅಂಗಗಳಿಗೇ ಸಲ್ಲುತ್ತದೆ. ವಾಹನಕ್ಕೆ ಮೊದಲ ಚಲನೆಯನ್ನೀಯುವ ಸ್ಟಾರ್ಟರ್ ಮೋಟಾರಿಗೆ ಒಂದು ಎಸಳೂ ತಲಪುವುದಿಲ್ಲ. ಎಂಜಿನ್ನೂ ಗೇರ್‌ಬಾಕ್ಸೂ ಸೇರುವೆಡೆಯಲ್ಲಿ, ಎಣ್ಣೆಜಿಡ್ಡಿನ ಕತ್ತಲೆಯಲ್ಲಿ ಅದು ಅಡಗಿರುತ್ತದೆ.

ಒಂದು ಕಾಲದಲ್ಲಿ ಎಂಜಿನ್ನನ್ನು ಹ್ಯಾಂಡಲ್ ಹಾಕಿ ತಿರುಗಿಸಬೇಕಾಗಿತ್ತು. ಅದು ಹಿಂದಕ್ಕೆ ಒದೆದು ಕೈ ಮುರಿದುಕೊಂಡವರು ಅನೇಕರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನೊಡನೆ ಬಳಕೆಗೆ ಬಂದಿತು. ಕೀಲಿ ತಿರುಗಿಸಿದೊಡನೆ ಚಿಕ್ಕ ಹಲ್ಲುಗಾಲಿಯೊಂದು ಮುಂದೆ ಸರಿದು, ಫ್ಲೈವೀಲಿನ ಹಲ್ಲುಗಳನ್ನು ಕಚ್ಚಿ ಎಂಜಿನ್ನನ್ನು ತಿರುಗಿಸುತ್ತದೆ. ಎಂಜಿನ್ ಎಚ್ಚತ್ತೊಡನೆ ಹಿಂದೆ ಸರಿಯುತ್ತದೆ. ಎಬ್ಬಿಸಿ ಮರೆಯಾಗುವುದೇ ಅದರ ಧರ್ಮ.

ಹಳೆಯ ಕಾರಿನಲ್ಲಿ ಇದನ್ನು ಬದಲಾಯಿಸುವ ಮೆಕ್ಯಾನಿಕ್ಕನ ಪಾಡನ್ನು ನೋಡಬೇಕು. ಅವನ ಪರೀಕ್ಷೆ ಬಿಚ್ಚುವುದಕ್ಕೆ ಮೊದಲೇ ಆರಂಭವಾಗುತ್ತದೆ. ಬ್ಯಾಟರಿಯ ಟರ್ಮಿನಲ್ ಕಿಲುಬು ಹಿಡಿದಿದ್ದರೂ, ಅರ್ಥ್ ತಂತಿ ಸಡಿಲವಾಗಿದ್ದರೂ ಸ್ಟಾರ್ಟರ್ ಸತ್ತಂತೆಯೇ ತೋರುತ್ತದೆ. ಅದನ್ನು ಉಜ್ಜಿ ಸರಿಪಡಿಸಿದರೆ ಸಿಗುವ ಕೂಲಿ ಅಲ್ಪ. ಹೊಸ ಮೋಟಾರು ಹಾಕಿದರೆ ಲಾಭ ಹೆಚ್ಚು. ಮೋಟಾರೇ ಕೆಟ್ಟಿದೆಯೆಂದು ಖಚಿತವಾದ ಮೇಲೆ ಬ್ಯಾಟರಿಯ ತಂತಿ ಕಳಚಿ, ಜ್ಯಾಕಿನ ಮೇಲಷ್ಟೇ ಭಾರ ಬಿಡದೆ ಸ್ಟ್ಯಾಂಡ್ ಕೊಟ್ಟು, ಅವನು ಕಾರಿನಡಿ ಅಂಗಾತ ಮಲಗುತ್ತಾನೆ. ಸೈಲೆನ್ಸರ್ ಕೊಳವೆ ಒಂದು ಕಡೆ, ಸ್ಟಿಯರಿಂಗಿನ ಸಲಾಕೆ ಇನ್ನೊಂದು ಕಡೆ. ಕೆಳಗಿನ ಬೋಲ್ಟುಗಳು ಕಾಣುತ್ತವೆ; ಮೇಲಿನದು ಕಾಣದು. ಅಲ್ಲಿ ಬೆರಳ ತುದಿಯೇ ಕಣ್ಣು. ಪಾನಾ ಒಮ್ಮೆಗೆ ಎರಡು ಬೆರಳಿನಗಲ ತಿರುಗಿದರೆ ಪುಣ್ಯ. ಮತ್ತೆ ಕೂರಿಸುವಾಗಲಂತೂ ಆ ಬೋಲ್ಟನ್ನು ಕೈಯಿಂದಲೇ ಹದವಾಗಿ ಮರೆಗೆ ಹತ್ತಿಸಬೇಕು. ಬಲ ಪ್ರಯೋಗಿಸಿದರೆ ಮರೆ ಹಾಳಾಗುತ್ತದೆ.

ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಮೇಲಿನ ಬೋಲ್ಟನ್ನು ಹಾಕದೆ ಬಿಟ್ಟರೂ ಕಾರು ಅಂದು ಹೊರಡುತ್ತದೆ. ಮಾಲೀಕ ಸಂತೋಷದಿಂದ ಹಣ ಕೊಡುತ್ತಾನೆ. ಕೆಲವು ತಿಂಗಳ ಮೇಲೆ ಮೋಟಾರು ಅಲುಗಿ, ಹಲ್ಲು ಸವೆದು, ಯಾವುದೋ ಘಾಟಿಯಲ್ಲಿ ನಡುರಾತ್ರಿ ವಾಹನ ನಿಂತರೆ ಕಾರಣ ಯಾರಿಗೆ ತಿಳಿದೀತು? ಸಾಕ್ಷಿಯಿಲ್ಲದಲ್ಲಿ ಧರ್ಮವೇಕೆ?

ಮುಂಡಕೋಪನಿಷತ್ತಿನ ಎರಡು ಹಕ್ಕಿಗಳು ಇದಕ್ಕೆ ಒಂದು ಉತ್ತರ. ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ಸುಮ್ಮನೆ ನೋಡುತ್ತದೆ. ಸಾಕ್ಷಿ ಹೊರಗಿಲ್ಲ, ಅದೇ ಕೊಂಬೆಯ ಮೇಲಿದೆ. ಆದರೆ ನೋಡುವವನೊಬ್ಬನಿದ್ದಾನೆಂಬ ಭಯದಿಂದ ಮಾಡಿದ ಒಳಿತು ಇನ್ನೂ ಎಳಸು. ಹುಲ್ಲಿನ ಹಗ್ಗ ಹೊಸೆಯುತ್ತಿದ್ದ ಶರಣ ನುಲಿಯ ಚಂದಯ್ಯನ ಕಥೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹುಲ್ಲು ಕೊಯ್ಯುವಾಗ ಇಷ್ಟಲಿಂಗವೇ ನೀರಿಗೆ ಜಾರಿತು. ಆತ ಕಾಯಕ ಬಿಡಲಿಲ್ಲ. ಲಿಂಗವೇ ಆತನ ಬೆನ್ನು ಹತ್ತಿ ಬಂದಿತಂತೆ. ದೇವರು ನೋಡಲಿ ಎಂದಲ್ಲ, ಕೆಲಸಕ್ಕೆ ಸಲ್ಲಬೇಕಾದುದು ಸಲ್ಲಲಿ ಎಂಬುದೇ ಅಲ್ಲಿಯ ನಿಲುವು.

ಮಹಾನಗರದ ಬಾಳು ನಿಂತಿರುವುದೇ ಇಂತಹ ಕಾಣದ ಕೈಗಳ ಮೇಲೆ. ಲಿಫ್ಟಿನ ಹಗ್ಗವನ್ನು ಪರೀಕ್ಷಿಸಿದವನನ್ನು ಹತ್ತುವವನು ಕಂಡಿಲ್ಲ. ಮುಂಬಯಿಯ ಉಡುಪಿ ಹೋಟೆಲುಗಳು ಗಿರಾಕಿಗಳ ವಿಶ್ವಾಸ ಗಳಿಸಿದುದೂ ಮೇಜಿನ ಹೊಳಪಿನಿಂದಲ್ಲ, ಗಿರಾಕಿ ಎಂದೂ ಕಾಲಿಡದ ಒಳಗಿನ ಅಡುಗೆಮನೆಯಿಂದ. ಕಾಣದವನನ್ನು ನಂಬಿ ಬದುಕುವವನು ತಾನೂ ಇನ್ನೊಬ್ಬನಿಗೆ ಕಾಣದವನೇ. ಗುಮಾಸ್ತನ ಲೆಕ್ಕಪುಸ್ತಕದಲ್ಲಿಯೂ, ಗೃಹಿಣಿಯ ಒಲೆಯ ಬಳಿಯೂ ಒಂದೊಂದು ಮೇಲಿನ ಬೋಲ್ಟು ಇದ್ದೇ ಇದೆ. ಋಣ ತೀರುವುದು ಅಲ್ಲಿಯೇ.

ಅಜ್ಞಾತವಾಸಕ್ಕೆ ಹೊರಟ ಪಾಂಡವರು ಆಯುಧಗಳನ್ನು ಶಮೀವೃಕ್ಷದ ಮರೆಯಲ್ಲಿರಿಸಿದರು. ವರ್ಷ ಕಳೆದು ಅರ್ಜುನ ಗಾಂಡೀವವನ್ನೆತ್ತಿದಾಗ ಅದು ಕೈಕೊಡಲಿಲ್ಲ. ಮರೆಯಲ್ಲಿದ್ದೂ ಕೆಡದಿರುವುದೇ ಆಯುಧದ ಸತ್ಯ, ಮನುಷ್ಯನ ಸತ್ಯವೂ ಅದೇ. ಈ ನವಮಿಯಂದು ಬಾನೆಟ್ಟಿಗೆ ಕುಂಕುಮವಿಡುವ ಕೈ ಒಂದು ಕ್ಷಣ ತಡೆದು, ಒಳಗಿನ ಕತ್ತಲೆಯಲ್ಲಿ ಬೆರಳಿನಿಂದಲೇ ಬೋಲ್ಟು ಬಿಗಿದ ಆ ಇನ್ನೊಂದು ಕೈಯನ್ನು ನೆನೆಯಲಿ. ತಾಯಿ ಚಾಮುಂಡೇಶ್ವರಿಗೆ ಆ ಪೂಜೆಯೂ ಸಲ್ಲುತ್ತದೆ.